ಸಹಾಯ ಬೇಕು: ಕೋಟೆ ಮುತ್ತಿಗೆಯ ಕಥೆಗೆ ಯಾವ ರೋಲ್‌ಪ್ಲೇಯಿಂಗ್ ಆಟ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಾವು ಚಿತ್ರದುರ್ಗದ ಐದು ಜನ. ಎರಡು ವರ್ಷದಿಂದ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಮಾತಿನಲ್ಲೇ ಕಥೆ ಕಟ್ಟುವ ಆಟ; ವೀರರು, ಮಂತ್ರವಾದಿಗಳು ಎಲ್ಲ ಇರುತ್ತಾರೆ. ಈಗ ಬೇರೆ ಆಟ ಬೇಕು.

ನಮ್ಮ ಕೋಟೆಯನ್ನೇ ಕಥೆಗೆ ತರಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಹೊರಗೆ ಹೈದರಾಲಿಯ ಸೈನ್ಯ, ಒಳಗೆ ಸಾಮಾನ್ಯ ಜನ. ಒಬ್ಬ ಕಾವಲುಗಾರ, ಒಬ್ಬಳು ನೀರು ಹೊರುವವಳು. ಮಂತ್ರ ಯಾರಿಗೂ ಬರುವುದಿಲ್ಲ. ಓಬವ್ವನ ಕೈಯಲ್ಲಿ ಇದ್ದದ್ದು ಒನಕೆ ಅಲ್ವಾ? ಡಂಜನ್ಸ್‌ನ ಹತ್ತನೇ ಲೆವೆಲ್ ವೀರರನ್ನು, ಅಂದರೆ ಆಡುತ್ತಾ ಆಡುತ್ತಾ ಬಹಳ ಬಲ ಗಳಿಸಿದ ಪಾತ್ರಗಳನ್ನು, ಆ ಕಿಂಡಿಯ ಹತ್ತಿರ ನಿಲ್ಲಿಸಿದರೆ ಭಯವೇ ಉಳಿಯುವುದಿಲ್ಲ.

ಡ್ರೆಡ್ ಅನ್ನೋ ಆಟ ಒಮ್ಮೆ ಆಡಿದೆವು. ದಾಳವೇ ಇಲ್ಲ. ಜೆಂಗಾ ಗೋಪುರದಿಂದ ಮರದ ತುಂಡು ಎಳೆಯಬೇಕು, ಗೋಪುರ ಬಿತ್ತೋ, ಆ ಪಾತ್ರದ ಕಥೆ ಮುಗಿಯಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದೆವು! ಆದರೆ ಅದು ಒಂದು ಸಂಜೆಯ ಆಟ. ನಮಗೆ ಏಳೆಂಟು ವಾರ ನಡೆಯುವಂಥದ್ದು ಬೇಕು.

1981ರ ಕಾಲ್ ಆಫ್ ಕ್ಥುಲು ಅನ್ನೋ ಭಯಾನಕ ಕಥೆಗಳ ಆಟವನ್ನೂ ಯೋಚಿಸಿದೆ. ಅದರಲ್ಲಿ ಪಾತ್ರಗಳು ಮಾಮೂಲಿ ಜನರೇ. ಆದರೆ ನನ್ನ ಮನಸ್ಸು ಬ್ಲೇಡ್ಸ್ ಇನ್ ದ ಡಾರ್ಕ್ ಕಡೆಗೇ ಜಾಸ್ತಿ ಎಳೆಯುತ್ತಿದೆ. ಆರು ಮುಖದ ದಾಳ ಸಾಕು, ಲೂಡೋ ಡಬ್ಬಿಯಲ್ಲೇ ಇದೆ. ಅದರಲ್ಲಿ ಒಂದು ವೃತ್ತ ಬರೆದು ಭಾಗ ಮಾಡಿ, ಅಪಾಯ ಹತ್ತಿರ ಬಂದ ಹಾಗೆ ಒಂದೊಂದೇ ಭಾಗ ತುಂಬುತ್ತಾರೆ. ಮುತ್ತಿಗೆಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಏನಂದರೆ, ಆ ಆಟ ಇರುವುದು ಕಳ್ಳರ ಗುಂಪಿನ ಬಗ್ಗೆ.

ಅದನ್ನು ಯಾರಾದರೂ ಬೇರೆ ಥರದ ಕಥೆಗೆ ಬದಲಾಯಿಸಿ ಆಡಿದ್ದೀರಾ? ಏನು ತೆಗೆದಿರಿ, ಏನು ಉಳಿಸಿಕೊಂಡಿರಿ? ಕನ್ನಡದಲ್ಲಿ ಪಾತ್ರದ ಹಾಳೆ (ಪಾತ್ರದ ಹೆಸರು, ಶಕ್ತಿ ಎಲ್ಲ ಬರೆದುಕೊಳ್ಳುವ ಹಾಳೆ) ಮಾಡಿಕೊಂಡವರಿದ್ದರೆ ದಯವಿಟ್ಟು ಫೋಟೋ ಹಾಕಿ. ನಮ್ಮಲ್ಲಿ ಹನ್ನೆರಡು ವರ್ಷದ ಹುಡುಗಿ ಇದ್ದಾಳೆ, ಅವಳಿಗೆ ಇಂಗ್ಲಿಷ್ ಹಾಳೆ ಓದುವುದು ಕಷ್ಟ.