ಚಿಕ್ಕಪ್ಪ ಕಳಿಸಿದ ವಿಡಿಯೋ, ಅಕ್ಕನ ಚೀಟಿ

ಮಂಡ್ಯ ಚಿಕ್ಕಪ್ಪ: (ವಿಡಿಯೋ) ಕಡಿಮೆ ಡೋಸಿನ ನಾಲ್ಟ್ರೆಕ್ಸೋನ್ ಅಂತೆ. ಸಂಧಿವಾತ, ಥೈರಾಯ್ಡ್, ಕರುಳಿನ ಕಾಯಿಲೆ, ಎಲ್ಲಕ್ಕೂ ಕೆಲಸ ಮಾಡುತ್ತದಂತೆ. ನೋಡು ಮಗಳೇ. ನಿನ್ನ ಸಂಧಿವಾತಕ್ಕೆ ಇನ್ನೂ ಎಷ್ಟು ವರ್ಷ ಆ ಮೆಥೊಟ್ರೆಕ್ಸೇಟ್ ನುಂಗುತ್ತೀಯಾ?

ಭಾವ: ಅದು ಕುಡಿತ ಬಿಡಿಸುವ ಮಾತ್ರೆ ಮಾವ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಅಕ್ಕ: ಬೆಳಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚೋಕೇ ಆಗಲ್ಲ. ರಂಗೋಲಿ ಪುಡಿ ಹಿಡಿದರೆ ಕೈಯಿಂದ ಸುರಿದುಹೋಗುತ್ತದೆ. ಡಾಕ್ಟರನ್ನು ಒಂದು ಮಾತು ಕೇಳಿದರೆ ತಪ್ಪೇನು?

ಭಾವ: ಮೊಬೈಲಲ್ಲಿ ನೋಡಿದೆ ಅಂದರೆ ಅವರು ಬೇಸರ ಮಾಡಿಕೊಳ್ಳುತ್ತಾರೆ. ಇರುವ ಔಷಧಿಯನ್ನೇ ಸರಿಯಾಗಿ ತಗೋ.

ನಾನು: ಭಾವ, ಕೇಳಲಿ ಬಿಡಿ. ದಿನಾ ಮೆಡಿಕಲ್ ಸ್ಟೋರ್ ಕೌಂಟರಿನಲ್ಲಿ ನಿಲ್ಲುವವಳು ನಾನು, ಸ್ವಲ್ಪ ಹೇಳುತ್ತೇನೆ. ಬೇರೆ ಕಾಯಿಲೆಯ ಮಾತ್ರೆ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಅಕ್ಕ ವಾರಕ್ಕೊಮ್ಮೆ ತಗೊಳ್ಳುವ ಮೆಥೊಟ್ರೆಕ್ಸೇಟ್ ಮೊದಲು ಕ್ಯಾನ್ಸರಿಗೆ ಬಂದದ್ದು. ಅಮೆರಿಕದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ಅಂದರೆ ಅಕ್ಕನಿಗಿರುವ ಸಂಧಿವಾತಕ್ಕೆ, ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಅವಳ ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾ ಮಾತ್ರೆ.

ಮಂಡ್ಯ ಚಿಕ್ಕಪ್ಪ: ನಾನು ಹೇಳಿದ್ದೂ ಅದೇ ಕಣಮ್ಮ!

ನಾನು: ಪೂರ್ತಿ ಕೇಳಿ ಚಿಕ್ಕಪ್ಪ. ಆ ಎರಡನ್ನೂ ದೊಡ್ಡದಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ನಾಲ್ಟ್ರೆಕ್ಸೋನ್ 1984ರಲ್ಲಿ ಅಫೀಮಿನ ಚಟಕ್ಕೆ, 1994ರಲ್ಲಿ ಕುಡಿತಕ್ಕೆ ಅಂತ ಅಲ್ಲಿ ಒಪ್ಪಿಗೆ ಪಡೆದದ್ದು, ದಿನಕ್ಕೆ 50 ಮಿಲಿಗ್ರಾಂ. ವಿಡಿಯೋದವರು ಹೇಳುತ್ತಿರುವುದು 4.5 ಮಿಲಿಗ್ರಾಂ ಬಗ್ಗೆ. ಅದರ ಮೇಲೆ ಆಗಿರುವ ಪರೀಕ್ಷೆಗಳು ಚಿಕ್ಕವು. 2013ರಲ್ಲಿ ಸ್ಟ್ಯಾನ್‌ಫರ್ಡ್‌ನವರು 31 ಹೆಂಗಸರಿಗೆ ಕೊಟ್ಟು ನೋಡಿದರು, ನೋವು ಕಡಿಮೆ ಆಯಿತು. ಆದರೆ ಅವರಿಗೆ ಇದ್ದದ್ದು ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ನೋಯುವ ಕಾಯಿಲೆ. ಅದರಲ್ಲಿ ಅಕ್ಕನಿಗೆ ಆಗುವ ಹಾಗೆ ಕೀಲು ಸವೆಯುವುದಿಲ್ಲ. ನೋವು ಕಡಿಮೆ ಆಗುವುದು ಬೇರೆ, ಕೀಲು ಉಳಿಯುವುದು ಬೇರೆ.

ಮಂಡ್ಯ ಚಿಕ್ಕಪ್ಪ: ಹಳೇ ಮಾತ್ರೆ, ಯಾವ ಕಂಪನಿಗೂ ಲಾಭ ಇಲ್ಲ. ಅದಕ್ಕೇ ಯಾರೂ ಪರೀಕ್ಷೆ ಮಾಡಿಸುವುದಿಲ್ಲ. 50ರ ಮಾತ್ರೆ ತಂದು ಹತ್ತು ಚೂರು ಮಾಡಿದರೆ ಆಯಿತಲ್ಲ?

ನಾನು: ಲಾಭ ಇಲ್ಲದಿದ್ದರೆ ದುಡ್ಡು ಹಾಕುವವರು ಕಡಿಮೆ, ಅದು ನಿಜ. ಹಾಗಂತ ಮಾತ್ರೆ ಕೆಲಸ ಮಾಡುತ್ತದೆ ಅಂತ ಆಗುವುದಿಲ್ಲ. ಚೂರು ಮಾಡುವುದಂತೂ ಬೇಡವೇ ಬೇಡ. ಬ್ಲೇಡಿನಲ್ಲಿ ಕತ್ತರಿಸಿದರೆ ಒಂದು ಚೂರು 3 ಆಗುತ್ತದೆ, ಇನ್ನೊಂದು 8. ಚೀಟಿ ಇಲ್ಲದೆ ಬಂದರೆ ನಾನು ಮಾತ್ರೆ ಕೊಡುವುದೂ ಇಲ್ಲ, ನೀವೇ ಬಂದರೂ ಅಷ್ಟೇ.
ಅಕ್ಕ, ಈಗ ತಗೊಳ್ಳುತ್ತಿರುವುದೆಲ್ಲ ಫೋಟೋ ಹಾಕು.

ಅಕ್ಕ: (ಫೋಟೋ) (ಫೋಟೋ) ಎರಡನೇದು ಸೊಂಟದ ನೋವಿಗೆ ಮೂಳೆ ಡಾಕ್ಟರು ಬರೆದದ್ದು.

ನಾನು: ಆ ಎರಡನೇ ಸ್ಟ್ರಿಪ್ ತಿರುಗಿಸಿ ಹಿಂದೆ ಓದು. ಪ್ಯಾರಸಿಟಮಾಲ್ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ?

ಅಕ್ಕ: ಟ್ರಮಡಾಲ್.

ನಾನು: ಅದು ಅಫೀಮಿನ ಜಾತಿಯ ನೋವಿನ ಮಾತ್ರೆ. 2018ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ಸೇರಿಸಿದ್ದಾರೆ. ಅದು ಕೆಲಸ ಮಾಡುವ ಜಾಗವನ್ನೇ ನಾಲ್ಟ್ರೆಕ್ಸೋನ್ ಮುಚ್ಚಿಬಿಡುತ್ತದೆ. ದಿನಾ ಟ್ರಮಡಾಲ್ ತಗೊಳ್ಳುವವರು ಇದನ್ನು ನುಂಗಿದರೆ ವಾಂತಿ, ಬೆವರು, ಭೇದಿ, ತಳಮಳ, ಎಲ್ಲ ಒಟ್ಟಿಗೆ ಶುರುವಾಗಬಹುದು. ಈ ಮಾತು ಆ ವಿಡಿಯೋದಲ್ಲಿ ಇಲ್ಲ ಚಿಕ್ಕಪ್ಪ. ನಾನು ಕೊನೆಯವರೆಗೂ ನೋಡಿದೆ.

ಭಾವ: ಈ ಮಾತ್ರೆಯ ವಿಷಯ ಕೀಲಿನ ಡಾಕ್ಟರಿಗೆ ಗೊತ್ತಾ?

ಅಕ್ಕ: ನಾನು ಹೇಳಿಲ್ಲ. ಅವರು ಕೇಳಲೂ ಇಲ್ಲ.

ನಾನು: ಇದನ್ನೇ ಮೊದಲು ಹೇಳು. ಆಮೇಲೆ ಧೈರ್ಯವಾಗಿ ಕೇಳು: ನನ್ನ ಕಾಯಿಲೆಗೆ ಇದರಿಂದ ಏನು ಉಪಯೋಗ ಅಂತ ನಿರೀಕ್ಷಿಸಬಹುದು? ಮೆಥೊಟ್ರೆಕ್ಸೇಟ್ ಜೊತೆಗಾ, ಬದಲಿಗಾ? ಲಿವರ್ ಟೆಸ್ಟ್ ಯಾವಾಗ? ಎಷ್ಟು ದಿನ ನೋಡಿ ನಿಲ್ಲಿಸಬೇಕು? ಬೆಳಗಿನ ಬಿಗಿತ ಒಂದು ಗಂಟೆ ಇರುತ್ತದೆ ಅಂತಲೂ ಹೇಳು. ಈಗಿನ ಔಷಧಿ ಸಾಲುತ್ತಿಲ್ಲ ಅಂತ ಅವರಿಗೆ ಗೊತ್ತಾಗುವುದೇ ಅದರಿಂದ. ಅದಕ್ಕೆ ಪರೀಕ್ಷೆಯಾದ ಬೇರೆ ಔಷಧಿಗಳೂ ಇವೆ. ಅಲ್ಲಿಯವರೆಗೆ ನೀನಾಗೇ ಯಾವುದನ್ನೂ ನಿಲ್ಲಿಸಬೇಡ. ಒಮ್ಮೆ ಸವೆದ ಕೀಲು ಮೊದಲಿನ ಹಾಗೆ ಆಗುವುದಿಲ್ಲ.

ಭಾವ: ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಎರಡೂ ಚೀಟಿ, ಸ್ಟ್ರಿಪ್‌ಗಳು, ರಕ್ತದ ರಿಪೋರ್ಟು, ಎಲ್ಲ ಫೈಲಿಗೆ ಹಾಕಿಡು.

ಮಂಡ್ಯ ಚಿಕ್ಕಪ್ಪ: ನಾಲ್ಟ್ರೆಕ್ಸೋನ್ ಮಾತು ಬಿಡಬೇಡಿ. ಕೇಳಿಯೇ ಬನ್ನಿ.

ಅಕ್ಕ: ಕೇಳುತ್ತೇನೆ ಚಿಕ್ಕಪ್ಪ. ಬೇಡ ಅಂದರೆ ಯಾಕೆ ಬೇಡ ಅಂತಲೂ ಕೇಳುತ್ತೇನೆ.