ಪ್ರಶ್ನೋತ್ತರ: ನೋಟಿಸ್ ಬಂದಿದೆ, ಮೂರನೆಯ ಕಂತು ಬರೆಯಲೇ?

ಪ್ರಶ್ನೆ (ತಾಲ್ಲೂಕು ವರದಿಗಾರ್ತಿ, ಹಳೆ ಮೈಸೂರು ಭಾಗ): ನಮಸ್ಕಾರ ಸರ್. ನಮ್ಮ ಹೊಳೆಯ ಮರಳು ಸಾಗಣೆಯ ಬಗ್ಗೆ ನಾಲ್ಕು ಕಂತುಗಳಲ್ಲಿ ಬರೆಯುತ್ತಿದ್ದೇನೆ. ಎರಡು ಅಚ್ಚಾಗಿವೆ. ಮೂರನೆಯದು ಬರುವ ಮೊದಲೇ ವಕೀಲರ ನೋಟಿಸ್ ಬಂದಿದೆ: ಕ್ಷಮೆ ಕೇಳಿ, ಇಲ್ಲವಾದರೆ ಒಂದು ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು. ನಮ್ಮ ಪತ್ರಿಕೆಯಲ್ಲಿ ಇರುವುದೇ ಮೂರು ಜನ. ಮನೆಯಲ್ಲಿ ಅಮ್ಮ ಊಟ ಬಿಟ್ಟಿದ್ದಾರೆ. ಬೇರೆ ದೇಶಗಳಲ್ಲಿ ಇಂಥದ್ದನ್ನು ಎದುರಿಸಿದವರು ಹೇಗೆ ತಡೆದುಕೊಂಡರು?

ಉತ್ತರ (ತನಿಖಾ ವರದಿಗಳ ಸಂಪಾದಕ, 28 ವರ್ಷಗಳ ಅನುಭವ): ತುರ್ತಿನ ಮಾತು ಮೊದಲು. ನೋಟಿಸ್ ಎಂದರೆ ನ್ಯಾಯಾಲಯದ ಆದೇಶವಲ್ಲ, ಎದುರಿನವರ ವಕೀಲರು ಬರೆದ ಪತ್ರ. ಹಾಗೆಂದು ಮೂಲೆಗೆ ಹಾಕಬೇಡಿ. ಗಡುವಿನ ಒಳಗೆ ನಿಮ್ಮ ವಕೀಲರ ಮೂಲಕವೇ ಉತ್ತರ ಹೋಗಲಿ. ನೀವಾಗಿ ಅವರಿಗೆ ಫೋನ್ ಮಾಡಬೇಡಿ. ಟಿಪ್ಪಣಿ, ಫೋಟೊ, ಧ್ವನಿಮುದ್ರಣ ಯಾವುದನ್ನೂ ಅಳಿಸಬೇಡಿ. ಅವರು ತಡೆಯಾಜ್ಞೆಗೆ ಹೋಗುವ ಸೂಚನೆ ಇದ್ದರೆ ಕೇವಿಯಟ್ ಹಾಕಿಸಿ; ನಿಮ್ಮ ಮಾತು ಕೇಳದೆ ಆದೇಶವಾಗುವುದನ್ನು ಅದು 90 ದಿನ ತಡೆಯುತ್ತದೆ. ಇನ್ನೊಂದು ವಿಷಯವನ್ನು ವಕೀಲರಿಗೆ ನೆನಪಿಸಿ: 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಮತ್ತು ಜೀ ಸಂಸ್ಥೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ವರದಿಯನ್ನು ತಡೆಹಿಡಿಯುವ ಆದೇಶವನ್ನು ಅಪರೂಪದ ಸಂದರ್ಭಗಳಲ್ಲಿ ಮಾತ್ರ ನೀಡಬೇಕು ಎಂದು ಹೇಳಿದೆ.

ಈಗ ನೀವು ಕೇಳಿದ್ದು. ನನಗೆ ಸದಾ ನೆನಪಾಗುವುದು ಮಾಲ್ಟಾದ ಡ್ಯಾಫ್ನಿ ಕರುವಾನಾ ಗಲಿಜಿಯಾ. ಐದು ಲಕ್ಷ ಜನರ ಪುಟ್ಟ ದ್ವೀಪದೇಶ, ಒಬ್ಬಳೇ ಹೆಂಗಸು, ಒಂದು ಬ್ಲಾಗ್. ದೇಶದ ದೊಡ್ಡವರ ಗುಪ್ತ ಕಂಪನಿಗಳ ಬಗ್ಗೆ ಬರೆದರು. ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ಸಚಿವರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಅವರ ಬ್ಯಾಂಕ್ ಖಾತೆಗಳನ್ನೇ ಸ್ಥಗಿತಗೊಳಿಸಲಾಯಿತು. ಓದುಗರು ಹಣ ಕೂಡಿಸಿ ಕೊಟ್ಟರು. 2017ರ ಅಕ್ಟೋಬರ್ 16ರಂದು ಮನೆಯ ಹತ್ತಿರವೇ ಅವರ ಕಾರಿನಲ್ಲಿ ಬಾಂಬ್ ಸಿಡಿಯಿತು. ಅವರು ತೀರಿಹೋದ ಮೇಲೂ ಮೊಕದ್ದಮೆಗಳು ಮುಗಿಯಲಿಲ್ಲ, ವಾರಸುದಾರರ ಹೆಗಲಿಗೆ ಬಿದ್ದವು. ಇದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಂತರ ನಡೆದದ್ದನ್ನೂ ಕೇಳಿ. ಪ್ಯಾರಿಸ್‌ನಲ್ಲಿ ಲೋರಾಂ ರಿಷಾರ್ ಎಂಬ ಪತ್ರಕರ್ತರು ಆಗಷ್ಟೇ 'ಫರ್ಬಿಡನ್ ಸ್ಟೋರೀಸ್' ಕಟ್ಟಿದ್ದರು. ಕೊಲೆಯಾದ, ಜೈಲು ಸೇರಿದ, ಬೆದರಿಕೆಗೆ ಸಿಕ್ಕ ವರದಿಗಾರರ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸುವುದೇ ಅದರ ಕಸುಬು. ಡ್ಯಾಫ್ನಿ ಬಿಟ್ಟುಹೋದ ಎಳೆಗಳನ್ನು 18 ಸಂಸ್ಥೆಗಳ 45 ಪತ್ರಕರ್ತರು ಹಂಚಿಕೊಂಡರು. ದುಬೈನ '17 ಬ್ಲ್ಯಾಕ್' ಎಂಬ ಕಂಪನಿಯ ಹೆಸರನ್ನು ಡ್ಯಾಫ್ನಿ ಬರೆದಿದ್ದರು, ಮಾಲೀಕ ಯಾರೆಂದು ಹೊರಬಂದಿರಲಿಲ್ಲ. 2018ರಲ್ಲಿ ಅದು ಹೊರಬಿತ್ತು: ದೇಶದ ಅತಿ ದೊಡ್ಡ ಉದ್ಯಮಿಗಳಲ್ಲಿ ಒಬ್ಬರು. ಮುಂದಿನ ವರ್ಷ ಕೊಲೆಗೆ ಸಹಕರಿಸಿದ ಆರೋಪದ ಮೇಲೆ ಅವರ ಬಂಧನವಾಯಿತು. ಅವರು ಆರೋಪವನ್ನು ನಿರಾಕರಿಸಿದ್ದಾರೆ. ಜನ ಬೀದಿಗಿಳಿದರು, ಪ್ರಧಾನಿ ರಾಜೀನಾಮೆ ಕೊಡಬೇಕಾಯಿತು. 2021ರಲ್ಲಿ ಸಾರ್ವಜನಿಕ ವಿಚಾರಣಾ ಮಂಡಳಿಯು ಈ ಸಾವಿಗೆ ಸರ್ಕಾರವೂ ಹೊಣೆ ಎಂದು ಬರೆಯಿತು. 2024ರಲ್ಲಿ ಐರೋಪ್ಯ ಒಕ್ಕೂಟ, ಬಾಯಿ ಮುಚ್ಚಿಸಲೆಂದೇ ಹೂಡುವ ದಾವೆಗಳನ್ನು ಆರಂಭದಲ್ಲೇ ವಜಾ ಮಾಡಲು ಅವಕಾಶವಿರುವ ನಿರ್ದೇಶನ ತಂದಿತು. ಅದನ್ನು ಎಲ್ಲರೂ ಡ್ಯಾಫ್ನಿ ಕಾನೂನು ಎಂದೇ ಕರೆಯುತ್ತಾರೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೆಯ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು ಈಗಲೂ ಇದೆ.

ಆದ್ದರಿಂದ ನೀವು ಇವತ್ತೇ ಮಾಡಬೇಕಾದ ಕೆಲಸ: ದಾಖಲೆಗಳ ಪ್ರತಿಯನ್ನು ನಂಬಿಕೆಯ ಇನ್ನಿಬ್ಬರು ಪತ್ರಕರ್ತರಿಗೆ ಕೊಡಿ. ಒಬ್ಬರು ಬೇರೆ ಜಿಲ್ಲೆಯವರಿರಲಿ. ಕೊಟ್ಟಿರುವ ಸಂಗತಿ ಊರಲ್ಲಿ ನಾಲ್ಕು ಜನರಿಗೆ ತಿಳಿಯಲಿ, ಯಾರಿಗೆ ಕೊಟ್ಟಿರಿ ಎಂಬುದು ಮಾತ್ರ ತಿಳಿಯದಿರಲಿ. ನಿಮ್ಮೊಬ್ಬರ ಬಾಯಿ ಮುಚ್ಚಿಸಿದರೆ ಸುದ್ದಿ ನಿಲ್ಲುತ್ತದೆ ಎಂಬ ಲೆಕ್ಕಾಚಾರವೇ ಅವರ ಧೈರ್ಯ. ಆ ಲೆಕ್ಕ ತಪ್ಪಿಸಬೇಕು.

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿ, ಧಾರವಾಡ): ಕೈಯಲ್ಲಿರುವ ಸುದ್ದಿಯನ್ನು ಬೇರೆಯವರಿಗೆ ಕೊಟ್ಟರೆ ಅವರೇ ಮೊದಲು ಪ್ರಕಟಿಸಿಬಿಡುವುದಿಲ್ಲವೇ ಸರ್?

ಉತ್ತರ: ಆ ಭಯ ನನಗೂ ಬಹಳ ವರ್ಷ ಇತ್ತು. ಅದನ್ನು ಬಿಡಿಸಿದ್ದು ಸಿರಿವಂತರ ಗುಪ್ತ ಕಂಪನಿಗಳ ಬಗ್ಗೆ ಸೋರಿಕೆಯಾದ ಪನಾಮಾ ದಾಖಲೆಗಳು. ಜರ್ಮನಿಯ ಒಂದು ಪತ್ರಿಕೆಗೆ ಸಿಕ್ಕ 1 ಕೋಟಿ 15 ಲಕ್ಷ ಕಡತಗಳನ್ನು ಅದು ತಾನೊಂದೇ ಇಟ್ಟುಕೊಳ್ಳಲಿಲ್ಲ. ಹತ್ತಾರು ದೇಶಗಳ 370ಕ್ಕೂ ಹೆಚ್ಚು ಪತ್ರಕರ್ತರು ಸುಮಾರು ಒಂದು ವರ್ಷ ಗುಟ್ಟು ಕಾಪಾಡಿ, 2016ರ ಏಪ್ರಿಲ್ 3ರಂದು ಒಟ್ಟಿಗೇ ಪ್ರಕಟಿಸಿದರು. ಪ್ರಕಟಣೆಯ ದಿನವನ್ನು ಮೊದಲೇ ನಿಗದಿ ಮಾಡಿಕೊಳ್ಳಿ, ಬರವಣಿಗೆಯಲ್ಲಿ ಒಪ್ಪಂದವಿರಲಿ.

ನಮ್ಮ ಬೆಂಗಳೂರಿನ ಮಾತನ್ನೂ ಹೇಳಬೇಕು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಕೊಂದರು. ಅವರ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಕಾರ್ಖಾನೆಗಳ ಬಗ್ಗೆ. 2023ರಲ್ಲಿ ಅದೇ ಎಳೆ ಹಿಡಿದು ನೂರು ಪತ್ರಕರ್ತರು ಜಗತ್ತಿನಾದ್ಯಂತ ಸುಳ್ಳು ಸುದ್ದಿಯ ವ್ಯಾಪಾರವನ್ನು ಬಯಲು ಮಾಡಿದರು. ಕನ್ನಡದ ಒಂದು ವಾರಪತ್ರಿಕೆಯ ಪುಟದಿಂದ ಹೊರಟ ದಾರಿ ಅದು.

ಪ್ರಶ್ನೆ (ಓದುಗರು, ಶಿವಮೊಗ್ಗ): ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ? ವಿದೇಶಿ ನೆರವು ತೆಗೆದುಕೊಳ್ಳಬಹುದೇ?

ಉತ್ತರ: ನಮ್ಮ ದೇಶದಲ್ಲಿ ಆಗುವುದಿಲ್ಲ. 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ಪತ್ರಿಕೆಯ ಸಂಪಾದಕರು, ಮಾಲೀಕರು, ವರದಿಗಾರರು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಪಡೆಯಬಹುದಾದ ದೇಶಗಳಲ್ಲೂ ಅದು ಭದ್ರವಲ್ಲ ಎಂದು 2025ರಲ್ಲಿ ಕಂಡೆವು. ಅಮೆರಿಕ ತನ್ನ ನೆರವನ್ನು ಒಮ್ಮೆಗೇ ನಿಲ್ಲಿಸಿದಾಗ ಪೂರ್ವ ಯುರೋಪಿನಿಂದ ಲ್ಯಾಟಿನ್ ಅಮೆರಿಕದವರೆಗೆ ತನಿಖಾ ತಂಡಗಳು ಜನರನ್ನು ಮನೆಗೆ ಕಳುಹಿಸಬೇಕಾಯಿತು.

ನಾನು ನಂಬುವುದು ಓದುಗರ ಹಣವನ್ನು. 1980ರಲ್ಲಿ ಪಿ. ಲಂಕೇಶ್ ಪತ್ರಿಕೆ ಆರಂಭಿಸಿದಾಗ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ, ಮಾರಾಟದ ಕಾಸಿನಲ್ಲೇ ನಡೆಸಿದರು. ಫ್ರಾನ್ಸಿನ ಮೀಡಿಯಾಪಾರ್ ಎಂಬ ಸುದ್ದಿತಾಣ 2008ರಿಂದ ಹಾಗೆಯೇ ನಡೆಯುತ್ತಿದೆ, ಚಂದಾದಾರರು ಎರಡು ಲಕ್ಷ ದಾಟಿದ್ದಾರೆ. ನಿಮ್ಮೂರಿನ ಸಣ್ಣ ಪತ್ರಿಕೆಗೆ ವರ್ಷದ ಚಂದಾ ಕಟ್ಟಿ ಸ್ವಾಮಿ. ವಕೀಲರ ಶುಲ್ಕ ಅದರಿಂದಲೇ ಹೋಗುವುದು.

ಪ್ರಶ್ನೆ (ಮೊದಲ ವರದಿಗಾರ್ತಿ): ತುಂಬಾ ಉಪಕಾರವಾಯಿತು ಸರ್. ಮಾಹಿತಿ ಕೊಟ್ಟ ಲಾರಿ ಚಾಲಕರ ಹೆಸರು, ನಂಬರ್ ನನ್ನ ಮೊಬೈಲಿನಲ್ಲೇ ಇವೆ.

ಉತ್ತರ: ನೋಡಿ ತಾಯಿ, ನಿಮಗಿಂತ ಮೊದಲು ಅಪಾಯ ಬರುವುದು ಅವರಿಗೆ. ಎಲ್ಲರೂ ಓದುವ ಈ ಪ್ರಶ್ನೋತ್ತರದಲ್ಲಿ ಅವರ ಬಗ್ಗೆ ಇನ್ನೊಂದು ಮಾತೂ ಬರೆಯಬೇಡಿ. ಮೊಬೈಲಿನಲ್ಲಿರುವುದನ್ನು ಏನು ಮಾಡಬೇಕು ಎಂದು ವಕೀಲರನ್ನು ಕೇಳಿಯೇ ಮುಂದುವರಿಯಿರಿ. ನೋಟಿಸ್ ಬಂದ ಮೇಲೆ ನೀವಾಗಿ ಏನನ್ನೂ ಅಳಿಸುವುದು ಸರಿಯಲ್ಲ. ಮುಂದಿನ ಭೇಟಿಗಳ ವಿವರ ಕಾಗದದಲ್ಲಿರಲಿ, ಹೆಸರಿನ ಬದಲು ನಿಮಗೆ ಮಾತ್ರ ತಿಳಿಯುವ ಗುರುತು ಇರಲಿ. ಭೇಟಿಗೆ ಹೋಗುವಾಗ ಮೊಬೈಲ್ ಮನೆಯಲ್ಲೇ ಇರಲಿ.

ನೋಟಿಸ್ ಕೈಗೆ ಬಂದು ಇಂದಿಗೆ ಎಷ್ಟು ದಿನವಾಯಿತು, ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ಎಂಬುದನ್ನು ನನಗೆ ಖಾಸಗಿಯಾಗಿ ತಿಳಿಸಿ. ಸಂಜೆ ಆರರ ನಂತರ ಬಿಡುವಾಗಿರುತ್ತೇನೆ. ಅಮ್ಮನಿಗೂ ಮಾತನಾಡಬೇಕೆನಿಸಿದರೆ ಅವರ ಕೈಗೇ ಫೋನ್ ಕೊಡಿ.