ಅಣ್ಣ ಮಾತೇ ಬಿಟ್ಟಿದ್ದಾನೆ, ಡಾಕ್ಟರ ಹತ್ತಿರ ಹೇಗೆ ಕರ್ಕೊಂಡು ಹೋಗೋದು?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಹತ್ತಿರ. ಅಣ್ಣನಿಗೆ 42. ಎರಡು ವರ್ಷದಿಂದ ತೋಟಕ್ಕೆ ಎಲೆಚುಕ್ಕಿ ರೋಗ, ಸೊಸೈಟಿ ಸಾಲ ಹಾಗೇ ಇದೆ. ಮೊದಮೊದಲು ಅದೇ ಚಿಂತೆ ಅಂದುಕೊಂಡೆವು. ಈಗ ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂತಿರುತ್ತಾನೆ, ಅತ್ತಿಗೆ ತಂದಿಟ್ಟ ಕಾಫಿ ಕೆನೆಕಟ್ಟಿದರೂ ಮುಟ್ಟುವುದಿಲ್ಲ. ತೋಟಕ್ಕೆ ಇಳಿದು ತಿಂಗಳಾಯ್ತು. ಹೋದ ವಾರ ಪಾಸ್‌ಬುಕ್, ಇನ್ಶೂರೆನ್ಸ್ ಕಾಗದ ಎಲ್ಲ ಒಂದು ಚೀಲಕ್ಕೆ ಹಾಕಿ ಅತ್ತಿಗೆ ಕೈಗೆ ಕೊಟ್ಟು "ನಿಂಗೂ ಗೊತ್ತಿರ್ಲಿ" ಅಂದನಂತೆ. ಅದು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಅಮ್ಮ ದೇವರ ಹತ್ತಿರ ಕೇಳಿಸೋಣ ಅನ್ನುತ್ತಾರೆ. ಡಾಕ್ಟರ್ ಅಂದರೆ ಅಣ್ಣನಿಗೆ "ನಂಗೇನು ಹುಚ್ಚಾ" ಅಂತ ಸಿಟ್ಟು. ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದರೆ ನಾವೇ ತಲೆಗೆ ತುಂಬಿದ ಹಾಗಾಗುತ್ತಾ?

ಹೊಸನಗರದ ನರ್ಸ್:
ಕೇಳಿ, ಇವತ್ತೇ ಕೇಳಿ. ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಜನ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಬುದ್ಧಿ ಹೇಳಬೇಡಿ, ಹೆಂಡತಿ ಮಕ್ಕಳ ಮುಖ ನೋಡು ಅನ್ನಬೇಡಿ, ಸುಮ್ನೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಆ ಚೀಲ ಕೊಟ್ಟಿದ್ದು ಹಗುರವಾಗಿ ಬಿಡುವ ವಿಷಯ ಅಲ್ಲ. ತೋಟದ ಔಷಧಿ ಏನಿದೆಯೋ ಅದನ್ನೆಲ್ಲ ಈಗಲೇ ಬೇರೆ ಮನೆಗೆ ಸಾಗಿಸಿ. ಹೌದು ಅಂದರೆ ಒಬ್ಬನೇ ಬಿಡಬೇಡಿ, ತಾಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಅವತ್ತೇ ಕರ್ಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಮನೆಯವರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಸಾಗರದವ:
ನಿಮ್ಮಣ್ಣ ಈಗ ಇರುವ ಜಾಗದಲ್ಲಿ ನಾನು ಇದ್ದೆ. ನನಗೆ ಎದೆ ಭಾರ, ಹೊಟ್ಟೆ ಉರಿ. ಆರು ತಿಂಗಳು ಗ್ಯಾಸ್ ಮಾತ್ರೆ ನುಂಗಿದೆ, ಮನಸ್ಸು ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಭಾವ "ನಿದ್ದೆಗೆ ಏನಾದ್ರೂ ಕೊಡ್ತಾರೆ ಬಾ, ನಾನೂ ಬರ್ತೀನಿ" ಅಂದರು. ಹುಚ್ಚು, ಮಾನಸಿಕ ಅನ್ನೋ ಮಾತೇ ತೆಗೆಯಲಿಲ್ಲ. ನೀವೂ ನಿದ್ದೆಯಿಂದಲೇ ಶುರು ಮಾಡಿ, ಅದು ಸುಳ್ಳೂ ಅಲ್ವಲ್ಲ. ಆದರೆ ಒಳಗೆ ಹೋದ ಮೇಲೆ ಆ ಚೀಲದ ವಿಷಯ ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು, ಮಾತ್ರೆ ಶುರುವಾದ ತಕ್ಷಣ ಏನೂ ಆಗಲ್ಲ. ನನಗೆ ಮೂರು ವಾರ ಬೇಕಾಯ್ತು, ಅಲ್ಲಿವರೆಗೆ ದಿನಾ ಬಿಸಾಕೋಣ ಅನ್ನಿಸುತ್ತಿತ್ತು, ಹಾಗಾಗಿ ಮಾತ್ರೆ ಅತ್ತಿಗೆ ಕೈಯಲ್ಲಿರಲಿ. ಆಮೇಲೆ ಹುಷಾರಾದೆ ಅಂತ ನಾನೇ ನಿಲ್ಲಿಸಿ, ಮತ್ತೆ ಜಾಸ್ತಿಯಾಗಿ, ಮೊದಲಿಂದ ಶುರು ಮಾಡಿದೆ. ಡಾಕ್ಟರ್ ಹೇಳದೆ ನಿಲ್ಲಿಸಬಾರದು. ಅಮ್ಮನ ಜೊತೆ ಜಗಳ ಬೇಡ, ದೇವರ ಪ್ರಸಾದವೂ ಬರಲಿ, ಆದರೆ ಅದಕ್ಕಾಗಿ ಆಸ್ಪತ್ರೆ ಒಂದು ದಿನವೂ ಮುಂದಕ್ಕೆ ಹೋಗಬಾರದು.

ತುಂಗಾತೀರ:
ಹೇಳಿಕೊಂಡರೆ ಪೊಲೀಸ್ ಕೇಸ್ ಆಗುತ್ತೆ ಅಂತ ನಮ್ಮ ಕಡೆ ತುಂಬಾ ಜನ ಹೆದರುತ್ತಾರೆ. ಯೋಚನೆ ಬಂದಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿ ಇದ್ದವರು ಅಂತಲೇ ನೋಡಬೇಕು, ಸರ್ಕಾರವೇ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ತೋಟದಮನೆ:
ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ, ಆಮೇಲೆ "ಹೌದು ಮಾರಾಯ್ತಿ, ಬಂದಿತ್ತು" ಅಂದು ಅತ್ತುಬಿಟ್ಟ. ಅಣ್ಣ ಅಳುವುದನ್ನು ಅಪ್ಪ ಹೋದಾಗಲೂ ನೋಡಿರಲಿಲ್ಲ. ಅಲ್ಲೇ ಕೂತು 14416ಕ್ಕೆ ಮಾಡಿದೆವು, ಅವನೇ ಮಾತಾಡಿದ. ಔಷಧಿ ಎಲ್ಲ ಚಿಕ್ಕಪ್ಪನ ಮನೆಗೆ ಹೋಯ್ತು. ರಾತ್ರಿಯಿಡೀ ಅತ್ತಿಗೆಯೂ ನಾನೂ ಜೊತೆಗೇ ಇದ್ದೆವು. ಈಗ ಮೂವರೂ ಮೆಗ್ಗಾನ್‌ಗೆ ಹೊರಟಿದ್ದೇವೆ, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಣ್ಣ ಕಿಟಕಿ ಪಕ್ಕ ಇದ್ದಾನೆ.